ಪೋರ್ಚುಗಲ್‌ಗೆ ಹೊರಟವರಿಗೆ: ದಿನಬಳಕೆಯ ಪೋರ್ಚುಗೀಸ್ ಮಾತು, ಅಲ್ಲಿನ ರೀತಿ ರಿವಾಜು

ತುಂಗಾತೀರ (ಪ್ರಶ್ನೆ)

ಅಪ್ಪ ಅಮ್ಮನ ಜೊತೆ ಲಿಸ್ಬನ್, ಸಿಂತ್ರಾ, ಪೋರ್ಟೊ ನೋಡುವ ಯೋಜನೆ ಇದೆ. ಇಬ್ಬರೂ 65 ದಾಟಿದವರು. ಮಾಂಸ, ಮೀನು, ಮೊಟ್ಟೆ ಮೂರೂ ಇಲ್ಲ. ಆ್ಯಪ್‌ನಲ್ಲಿ ಪೋರ್ಚುಗೀಸ್ ಕಲಿಯೋಣ ಅಂದರೆ ಹೆಚ್ಚಿನವು ಬ್ರೆಜಿಲ್‌ನ ಮಾತು ಕಲಿಸುತ್ತವಂತೆ. ಪೋರ್ಚುಗಲ್‌ನಲ್ಲಿ ನಿಜಕ್ಕೂ ಬೇಕಾಗುವ ಮಾತು ಯಾವುದು, ಎಲ್ಲಿ ಎಡವಟ್ಟಾಗುತ್ತದೆ? ಬಲ್ಲವರು ಹೇಳಿ. ಉಚ್ಚಾರಣೆ ಕನ್ನಡ ಲಿಪಿಯಲ್ಲೇ ಇದ್ದರೆ ಅಮ್ಮನೂ ಓದಿಕೊಳ್ಳುತ್ತಾರೆ.

ಕಾಳಿ_ಸಂಗಮ

ಮೊದಲು ಒಂದು ಒಳ್ಳೆಯ ಸುದ್ದಿ. ಪೋರ್ಚುಗೀಸಿನ ತ, ದ ನಮ್ಮ ತ, ದ ಥರವೇ ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವಂಥವು. ಇಂಗ್ಲಿಷಿನ ಟ, ಡ ಅಲ್ಲ. ಕ, ಪ ಕೂಡ ನಮ್ಮವೇ, ಉಸಿರು ಊದುವುದಿಲ್ಲ. ಹಾಗಾಗಿ ಇಂಗ್ಲಿಷ್ ಮನಸ್ಸಿನಿಂದ ತೆಗೆದಿಟ್ಟು ಕನ್ನಡದಲ್ಲೇ ಓದಿ.

ಬೊಂ ದೀಅ: ಬೆಳಗಿನಿಂದ ಮಧ್ಯಾಹ್ನದ ಊಟದವರೆಗೆ.
ಬೋಅ ತಾರ್ದ್: ಊಟದಿಂದ ಕತ್ತಲಾಗುವವರೆಗೆ.
ಬೋಅ ನೋಯ್ತ್: ಕತ್ತಲಾದ ಮೇಲೆ. ಇದು ಮಲಗುವಾಗ ಹೇಳುವ ಮಾತು ಮಾತ್ರ ಅಲ್ಲ. ರಾತ್ರಿ ಹೋಟೆಲ್ ಬಾಗಿಲಲ್ಲಿ ಕಾಲಿಟ್ಟಾಗಲೂ ಇದೇ.

ಅಂಗಡಿ, ಬಸ್ಸು, ಟಿಕೆಟ್ ಕಿಟಕಿ, ಲಿಫ್ಟ್, ಎಲ್ಲಿ ಹೋದರೂ ಈ ಮೂರರಲ್ಲಿ ಒಂದು ಹೇಳಿದ ಮೇಲೆಯೇ ಮುಂದಿನ ಮಾತು. ಇದನ್ನು ಬಿಟ್ಟು ನೇರ "ಇದಕ್ಕೆಷ್ಟು?" ಅಂದರೆ ಒರಟು ಅನ್ನಿಸುತ್ತದೆ. ನಂತರ ಇಂಗ್ಲಿಷಿಗೆ ಹೋಗಬೇಕಿದ್ದರೆ "ಫಾಲ ಇಂಗ್ಲೇಶ್?" ಎಂದು ಕೇಳಿ. ಲಿಸ್ಬನ್, ಪೋರ್ಟೊದಲ್ಲಿ ವಯಸ್ಸಿನ ಹುಡುಗ ಹುಡುಗಿಯರು ಬಹುತೇಕ ಇಂಗ್ಲಿಷ್ ಆಡುತ್ತಾರೆ.

ಧನ್ಯವಾದಕ್ಕೆ ಗಂಡಸು "ಒಬ್ರಿಗಾದು", ಹೆಂಗಸು "ಒಬ್ರಿಗಾದ". ಹೇಳುವವರ ಲಿಂಗ ಮುಖ್ಯ, ಎದುರಿಗಿರುವವರದಲ್ಲ. ಅಪ್ಪ ಯಾರಿಗೇ ಹೇಳಿದರೂ "ದು", ಅಮ್ಮ ಯಾರಿಗೇ ಹೇಳಿದರೂ "ದ".

ಉಚ್ಚಾರಣೆಯಲ್ಲಿ ನಮ್ಮವರು ಎಡವುವುದು ಪದದ ಕೊನೆಯಲ್ಲಿ. ಬಸ್ಸು, ಕಾರು ಅಂತ ಸ್ವರ ಸೇರಿಸಿ ರೂಢಿ ನಮಗೆ. ಪೋರ್ಚುಗಲ್‌ನವರು ಕೊನೆಯ ಎ ಕಾರವನ್ನು ನುಂಗಿಬಿಡುತ್ತಾರೆ. ತಾರ್ದೆ ಅಲ್ಲ, ತಾರ್ದ್. ಕೊನೆಯ ಓ ಕಾರ ಉ ಆಗುತ್ತದೆ. ಪದದ ಕೊನೆಯ ಎಸ್ ಅಕ್ಷರ ಶ್ ಆಗುತ್ತದೆ: ದೋಯ್ಶ್ (ಎರಡು), ತ್ರೇಶ್ (ಮೂರು). ಬ್ರೆಜಿಲ್‌ನ ಹೆಚ್ಚಿನ ಕಡೆ ದೀಅ ಎಂಬುದು ಜೀಅ, ನೋಯ್ತ್ ಎಂಬುದು ನೋಯ್ಚಿ ಆಗುತ್ತದೆ. ಆ್ಯಪ್‌ನಲ್ಲಿ ಹಾಗೆ ಕೇಳಿಸಿದರೆ ಅದು ಬ್ರೆಜಿಲ್‌ನದು ಅಂತ ಗುರುತಿಟ್ಟುಕೊಳ್ಳಿ.

ಇನ್ನು ಮೂಗಿನ ಸ್ವರ. ಇಲ್ಲ ಅನ್ನಲು "ನಾಂವ್", ರೊಟ್ಟಿಗೆ "ಪಾಂವ್". ಕೊಂಕಣಿ ಆಡುವವರಿಗೆ ಇದು ನೀರು ಕುಡಿದಷ್ಟು ಸುಲಭ. ಮಿಕ್ಕವರು ಇಲ್ಲಿ ಸ್ವಲ್ಪ ಅಭ್ಯಾಸ ಮಾಡಲೇಬೇಕು. ಮೂಗು ಬಿಟ್ಟು "ಪಾವ್" ಅಂದರೆ ಕೋಲು ಅಂತ ಅರ್ಥ, ಬೀದಿಮಾತಿನಲ್ಲಿ ಇನ್ನೊಂದು ಅರ್ಥವೂ ಇದೆ. ಬೇಕರಿಯವರು ಮುಸಿ ಮುಸಿ ನಕ್ಕರೆ ಯಾಕೆ ಅಂತ ಗೊತ್ತಿರಲಿ.

ಮಲೆನಾಡ_ಬೀಜ

ಕಾಳಿ ಅವರು ಹೇಳಿದ್ದಕ್ಕೆ ಸೇರಿಸುವುದು: ಕೇಳುವ ಕ್ರಮ. ಪುಸ್ತಕದಲ್ಲಿ "ಕೆರು" (ನನಗೆ ಬೇಕು) ಅಂತ ಇರುತ್ತದೆ. ಅಂಗಡಿಯಲ್ಲಿ ಅದು ಹುಕುಂ ಕೊಟ್ಟ ಹಾಗೆ. ಅಲ್ಲಿಯವರು ಹೇಳುವುದು "ಕಿರೀಅ", ಭೂತಕಾಲದ ರೂಪ. ನಾವೂ "ಒಂದು ಕಾಫಿ ಬೇಕಿತ್ತು" ಅನ್ನುವುದಿಲ್ಲವೇ, ಅದೇ ಲೆಕ್ಕ. "ಕಿರೀಅ ಉಂ ಕಫೆ, ಸ್ ಫಾಶ್ ಫವೋರ್." ಕೆಲವು ಹಳೆ ಮಾಣಿಗಳು "ಬೇಕಿತ್ತಾ? ಹಾಗಾದರೆ ಈಗ ಬೇಡವಾ?" ಅಂತ ಅಣಕಿಸುತ್ತಾರೆ. ಅದು ಅಲ್ಲಿನ ಸವೆದ ಜೋಕು, ಬೇಸರಿಸಿಕೊಳ್ಳಬೇಡಿ.

"ಸ್ ಫಾಶ್ ಫವೋರ್" ಎಂದರೆ ದಯವಿಟ್ಟು. ಮಾಣಿಯನ್ನು ಕರೆಯಲೂ ಇದೇ, ಕೈ ಸ್ವಲ್ಪ ಎತ್ತಿ "ಫಾಶ್ ಫವೋರ್!" ಅಂದರೆ ಸಾಕು. ಚಿಟಿಕೆ, ಚಪ್ಪಾಳೆ, "ಹಲೋ" ಬೇಡ.

ಕಾಫಿ ವಿಷಯಕ್ಕೆ ಬಂದರೆ, ಬರೀ "ಕಫೆ" ಅಂದರೆ ಬರುವುದು ಬೆರಳುದ್ದದ ಲೋಟದಲ್ಲಿ ಗಟ್ಟಿ ಎಸ್ಪ್ರೆಸೊ. ಲಿಸ್ಬನ್‌ನಲ್ಲಿ ಅದಕ್ಕೆ "ಬೀಕ" ಅಂತಲೂ ಹೆಸರು. ನಮ್ಮ ಫಿಲ್ಟರ್ ಕಾಫಿಗೆ ಹತ್ತಿರದ್ದು "ಮೆಯ ದ್ ಲೆಯ್ತ್", ದೊಡ್ಡ ಕಪ್ಪಿನಲ್ಲಿ ಸುಮಾರು ಅರ್ಧ ಹಾಲು, ಅರ್ಧ ಕಾಫಿ. "ಗಲಾಂವ್" ಉದ್ದ ಗಾಜಿನ ಲೋಟದಲ್ಲಿ ಬರುತ್ತದೆ, ಹಾಲೇ ಜಾಸ್ತಿ, ಅಮ್ಮನಿಗೆ ಹಿಡಿಸಬಹುದು. "ಪಿಂಗಾದು" ಎಸ್ಪ್ರೆಸೊಗೆ ಒಂದು ಹನಿ ಹಾಲು. "ಅಬತನಾದು" ನೀರು ಹೆಚ್ಚಿರುವ ಕಪ್ಪು ಕಾಫಿ. ಸಕ್ಕರೆ ಹಾಕಿ ಕೊಡುವುದಿಲ್ಲ, ಪೊಟ್ಟಣ ಪಕ್ಕದಲ್ಲಿಡುತ್ತಾರೆ. ಹಾಲು ಹಾಕಿದ ಟೀ ಬೇಕಾದರೆ "ಶಾ ಪ್ರೇತು ಕೊಂ ಲೆಯ್ತ್" ಅಂತ ಬಿಡಿಸಿ ಹೇಳಬೇಕು, ಆಮೇಲೂ ಹಾಲು ಬೇರೆಯೇ ಬರಬಹುದು.

ನೀರು ಕೇಳುವಾಗ ಎರಡು ಪ್ರಶ್ನೆ ಬರುತ್ತವೆ. ಗ್ಯಾಸ್ ಇಲ್ಲದ್ದು "ಸೆಂಯ್ ಗಾಶ್", ಇರುವುದು "ಕೊಂ ಗಾಶ್". ಆಮೇಲೆ "ಫ್ರೇಶ್ಕ" ಅಥವಾ "ನತುರಾಲ್". ನತುರಾಲ್ ಅಂದರೆ ಯಾವುದೋ ಚಿಲುಮೆಯ ನೀರಲ್ಲ, ಫ್ರಿಜ್‌ನಲ್ಲಿಡದ ನೀರು. ಶೀತ ಆಗುವವರು ಇದನ್ನೇ ಕೇಳಿ.

ತುಂಗಾತೀರ

ಬೇಕಿತ್ತು ಅನ್ನುವ ಲೆಕ್ಕ ಚೆನ್ನಾಗಿ ನೆನಪಿರುತ್ತೆ! ಊಟದ ಕಡೆ ಯಾರಾದರೂ ವಿವರವಾಗಿ ಹೇಳ್ತೀರಾ? ನನ್ನ ದೊಡ್ಡ ಚಿಂತೆ ಅದೇ.

ಒಲೆ_ಮತ್ತು_ಒರಳು

ಬರೆದಿಟ್ಟುಕೊಳ್ಳಿ: "ಸೋ ವಿಜಿತರಿಯಾನು" (ಗಂಡಸು), "ಸೋ ವಿಜಿತರಿಯಾನ" (ಹೆಂಗಸು). ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಕೆಲಸ ಕೆಡುತ್ತದೆ. ಸಸ್ಯಾಹಾರಿ ಅಂದ ಕೂಡಲೇ ಹಳೆ ಕಾಲದ ಊಟದ ಮನೆಗಳು ಆಮ್ಲೆಟ್ ತಂದಿಡುತ್ತವೆ, ಇಲ್ಲವೇ ಮೀನು ಪರವಾಗಿಲ್ಲ ತಾನೇ ಅನ್ನುತ್ತವೆ. ಪೂರ್ತಿ ವಾಕ್ಯ ಹೀಗೆ:

"ನಾಂವ್ ಕೋಮು ಕಾರ್ನ್, ನೆಂಯ್ ಪೆಯ್ಶ್, ನೆಂಯ್ ಓವುಶ್." (ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ.)

ತಿಂಡಿ ತೋರಿಸಿ ಕೇಳಲು: "ಲೆವ ಕಾರ್ನ್?" (ಮಾಂಸ ಹಾಕಿದೆಯಾ?), "ಲೆವ ಓವು?" (ಮೊಟ್ಟೆ?), "ಲೆವ ಬಾಞ?" (ಹಂದಿ ಕೊಬ್ಬು?). ಕೊನೆಯದನ್ನು ಮರೆಯಬೇಡಿ, ಹಳೆಯ ಸಿಹಿಗಳಲ್ಲೂ ಕೆಲವು ಬಗೆಯ ರೊಟ್ಟಿಗಳಲ್ಲೂ ಅದು ಇರುತ್ತದೆ.

ಎಲ್ಲಿ ಮೋಸ ಹೋಗುತ್ತೀರಿ:

ಕಾಲ್ದು ವೇರ್ದ್. ಹೆಸರು, ಬಣ್ಣ ಎರಡೂ ಹಸಿರು, ಆಲೂಗಡ್ಡೆ ಮತ್ತು ಸೊಪ್ಪಿನ ಸಾರು. ಆದರೆ ಬಟ್ಟಲಲ್ಲಿ ಶೋರೀಸು ಅನ್ನುವ ಹಂದಿ ಸಾಸೇಜಿನ ಬಿಲ್ಲೆ ತೇಲುತ್ತಿರುತ್ತದೆ. ಬಿಲ್ಲೆ ತೆಗೆದುಕೊಟ್ಟರೂ ಕುದಿಸಿದ ರಸ ಹೋಗುವುದಿಲ್ಲ.

ತರಕಾರಿ ಸೂಪಿಗೂ ಮಾಂಸದ ರಸದ ಪುಡಿಗಟ್ಟಿ (ಸ್ಟಾಕ್ ಕ್ಯೂಬ್) ಹಾಕುವುದುಂಟು. "ಲೆವ ಕಾಲ್ದು ದ್ ಕಾರ್ನ್?" ಅಂತ ಕೇಳಿ.

ತೋಶ್ತ ಮೀಶ್ತ. ಇದು ಹ್ಯಾಮ್ ಮತ್ತು ಚೀಸಿನ ಟೋಸ್ಟ್. "ತೋಶ್ತ ಸೊ ದ್ ಕೆಯ್ಜು" ಅಂದರೆ ಚೀಸ್ ಮಾತ್ರ. ಫಿಯಾಂಬ್ರ್ ಅಂದರೆ ಹ್ಯಾಮ್. ಕೆಲವರ ತಲೆಯಲ್ಲಿ ಅದು "ಮಾಂಸ"ದ ಲೆಕ್ಕಕ್ಕೇ ಬರುವುದಿಲ್ಲ. "ಸೆಂಯ್ ಫಿಯಾಂಬ್ರ್" ಅಂತ ಬಾಯಿಬಿಟ್ಟು ಹೇಳಿ.

ಪೆಯ್ಶೀಞುಶ್ ದ ಓರ್ತ. ಹೆಸರಿನ ಅರ್ಥ ತೋಟದ ಮರಿಮೀನು, ಮೀನೇ ಇಲ್ಲ, ಹುರುಳಿಕಾಯಿ ಬಜ್ಜಿ. ಕುಣಿಯಬೇಡಿ, ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ.

ಸಿಹಿಯ ಸಾಲು ನಿಮ್ಮ ಮನೆಯವರಿಗೆ ಹೆಚ್ಚು ಕಡಿಮೆ ಮುಚ್ಚಿದ ಬಾಗಿಲು. ಪಶ್ತೆಲ್ ದ್ ನಾತ (ಕಸ್ಟರ್ಡ್ ತುಂಬಿದ ಪುಟ್ಟ ಟಾರ್ಟ್) ಅಂದರೇ ಮೊಟ್ಟೆಯ ಹಳದಿ. ಕಾನ್ವೆಂಟಿನ, ಅಂದರೆ ಕ್ರೈಸ್ತ ಸನ್ಯಾಸಿನಿಯರ ಮಠಗಳ ಸಿಹಿಗಳು ಹೆಚ್ಚಿನವು ಅದರ ಮೇಲೇ ನಿಂತಿವೆ. ನಮ್ಮ ಪಾಯಸದಂತೆ ಕಾಣುವ ಅನ್ನದ ಸಿಹಿ, ಅರೋಶ್ ದೋಸ್, ಅದಕ್ಕೂ ಅನೇಕ ಕಡೆ ಹಳದಿ ಬೆರೆಸುತ್ತಾರೆ. ಉಳಿಯುವುದು ಮರ್ಮೆಲಾದ (ಕ್ವಿನ್ಸ್ ಹಣ್ಣಿನ ಗಟ್ಟಿ ಹಲ್ವ), ಹಣ್ಣು, ಚಳಿಗಾಲದ ಹೊಸ್ತಿಲಲ್ಲಿ ಬೀದಿಯಲ್ಲಿ ಸುಡುವ ಕಶ್ತಾಞಶ್, ಅಂದರೆ ಚೆಸ್ಟ್‌ನಟ್.

ಚೀಸಿನಲ್ಲಿ ಮಾತ್ರ ಒಂದು ಲಾಭ ಇದೆ. ಸೆರ್ರ ದ ಎಸ್ಟ್ರೆಲ, ಅಜ಼ೆಯ್ತಾಂವ್ ಎಂಬ ಕುರಿಹಾಲಿನ ಚೀಸುಗಳನ್ನು ಕರುವಿನ ಹೊಟ್ಟೆಯ ರೆನೆಟ್‌ನಿಂದಲ್ಲ, ಕಾರ್ದು ಎಂಬ ಮುಳ್ಳುಗಿಡದ ಹೂವಿನಿಂದ ಹೆಪ್ಪುಗಟ್ಟಿಸುತ್ತಾರೆ. ರೆನೆಟ್ ಬಗ್ಗೆ ಕಟ್ಟುನಿಟ್ಟಿರುವವರು ಈ ಎರಡನ್ನು ಹೆಸರು ಹಿಡಿದು ಕೇಳಿ.

ಲಿಸ್ಬನ್‌ನ ಮಾರ್ಟಿಂ ಮೊನಿಜ಼್ ಸುತ್ತ ಭಾರತ, ಬಾಂಗ್ಲಾ, ನೇಪಾಳದವರ ಹೋಟೆಲುಗಳಿವೆ. ಲುಮಿಯಾರ್ ಬಡಾವಣೆಯ ರಾಧಾಕೃಷ್ಣ ದೇವಸ್ಥಾನದಲ್ಲಿ ಸಸ್ಯಾಹಾರಿ ಊಟದ ವ್ಯವಸ್ಥೆಯೂ ಇದೆ. ಹೋಗುವ ಮುನ್ನ ವೇಳೆ ವಿಚಾರಿಸಿಕೊಳ್ಳಿ.

ಫೇಡಾ_ಪ್ರಿಯ

ಅಕ್ಕಾವ್ರು ಎಲ್ಲಾ ಹೇಳ್ಯಾರ, ಕುವೆರ್ ಒಂದ ಬಿಟ್ಟಾರ. ಅದ ಎಲ್ಲಾರೂ ಜಗಳಾಡೋ ಜಾಗ. ಕುಂತ ಕೂಡ್ಲೇ ರೊಟ್ಟಿ, ಆಲಿವ್, ಬೆಣ್ಣಿ, ಒಮ್ಮೊಮ್ಮೆ ಚೀಸ್ ತಂದ ಇಡ್ತಾರ. ಪುಕ್ಸಟ್ಟೆ ಅಲ್ಲರೀ ಅದು. ಮೆನುದಾಗ ಪ್ರತಿಯೊಂದಕ್ಕೂ ರೇಟ್ ಇರ್ತದ. ಆದ್ರ ಕಾನೂನು ನಿಮ್ಮ ಕಡೆ ಅದ: ಗಿರಾಕಿ ಕೇಳಿರದಿದ್ರ, ಮುಟ್ಟಿ ಕೆಡಿಸಿರದಿದ್ರ, ಬಿಲ್ಲಿಗೆ ಹಚ್ಚೂ ಹಂಗಿಲ್ಲ. ಈ ಮಾತು ಮೆನುದಾಗ ಸಣ್ಣ ಅಕ್ಷರದಾಗ ಅಚ್ಚ ಹಾಕಿರ್ತಾರ. ಬ್ಯಾಡಂದ್ರ ಆಗಿಂದಾಗ "ಪೋದ್ ಲಿವಾರ್, ಒಬ್ರಿಗಾದು" (ತಗೊಂಡ ಹೋಗ್ರಿ) ಅನ್ರಿ. ಸಿಟ್ಟ ಮಾಡೋದು ಬ್ಯಾಡ, ಮೋಸಾನೂ ಅಲ್ಲ, ಅವರ ರೂಢಿ. ಒಂದ ಆಲಿವ್ ಬಾಯಾಗ ಹಾಕ್ಕೊಂಡ್ರಿ ಅಂದ್ರ ಇಡೀ ತಟ್ಟೀದ ರೊಕ್ಕ ಕೊಡಬೇಕು.

ಇನ್ನೊಂದು, "ದೋಜ಼್" ಅಂದ್ರ ಪೂರ್ತಿ ಪಾಲು, ಬಹಳ ಕಡೆ ಇಬ್ಬರಿಗೆ ಸಾಕಾಗ್ತದ. ಒಬ್ಬರಿಗೆ "ಮೆಯ ದೋಜ಼್" ಹೇಳ್ರಿ.

ಬಿಲ್ಲು ತಾನಾಗೇ ಬರೂದಿಲ್ಲ. ಗಿರಾಕೀನ್ನ ಎಬ್ಬಿಸಿಧಂಗ ಆಗ್ತದ ಅಂತ ಅವರು ತರೂದಿಲ್ಲ. "ಅ ಕೊಂತ, ಸ್ ಫಾಶ್ ಫವೋರ್" ಅನ್ನೂತನ ಕುಂತಿರಬೇಕು. ಟಿಪ್ಸ್ ಕಡ್ಡಾಯ ಇಲ್ಲ. ಕಾಫಿಗೆ ಚಿಲ್ಲರೆ ಬಿಟ್ರ ಆತು, ಛಲೋ ಊಟ ಆದ್ರ ನೂರಕ್ಕ ಐದರಿಂದ ಹತ್ತು.

ಊಟದ ಟೈಮ್ ನೋಡ್ಕೋರಿ. ಮಧ್ಯಾಹ್ನ ಹನ್ನೆರಡೂವರಿಯಿಂದ ಮೂರರ ತನ, ರಾತ್ರಿ ಏಳೂವರಿ ಮ್ಯಾಲ. ನಡುವ ಅಡಿಗಿಮನಿ ಬಂದ್. ನಾಕ ಗಂಟೆಕ್ಕ ಹಸಿದ್ರ ಪಶ್ತಿಲರೀಅ, ಅಂದ್ರ ಬೇಕರಿನ ಗತಿ.

ತುಂಗಾತೀರ

ಅಂಗಡಿ ಕೌಂಟರ್‌ನಲ್ಲಿ ಏನೇನೋ ಕೇಳುತ್ತಾರಂತೆ, ಅದೇನು?

ಕಾಳಿ_ಸಂಗಮ

ಮೂರು ಪ್ರಶ್ನೆ, ಹೆಚ್ಚು ಕಡಿಮೆ ಒಂದೇ ಉಸಿರಿನಲ್ಲಿ. "ತೆಂಯ್ ಕರ್ತಾಂವ್?" ಅಂದರೆ ನಮ್ಮ ಅಂಗಡಿಯ ರಿಯಾಯಿತಿ ಕಾರ್ಡ್ ಇದೆಯಾ. ಪಾವತಿ ಕಾರ್ಡ್ ಅಂದುಕೊಂಡು ಬ್ಯಾಂಕ್ ಕಾರ್ಡ್ ಚಾಚಬೇಡಿ. "ಕೆರ್ ಸಾಕು?" ಅಂದರೆ ಚೀಲ ಬೇಕಾ. ಸಾಕು ಅಂದರೆ ಚೀಲ. ಬೇಡ ಅನ್ನಲು ಕನ್ನಡದಲ್ಲಿ "ಸಾಕು" ಅಂದರೆ ಚೀಲ ಕೊಟ್ಟು ದುಡ್ಡು ಹಾಕುತ್ತಾರೆ! ಕೊನೆಗೆ "ಕೊಂತ್ರಿಬುಯಿಂತ್?" ಅಂದರೆ ಬಿಲ್ಲಿನಲ್ಲಿ ತೆರಿಗೆ ಸಂಖ್ಯೆ ನಮೂದಿಸಬೇಕಾ. ಪ್ರವಾಸಿಗಳಿಗೆ ಮೂರಕ್ಕೂ ಒಂದೇ ಉತ್ತರ: "ನಾಂವ್, ಒಬ್ರಿಗಾದು."

ಕಾರ್ಡ್ ಪಾವತಿಗೆ ಅಲ್ಲಿ "ಮುಲ್ತಿಬಾಂಕು" ಅನ್ನುತ್ತಾರೆ, ಅದು ಅವರ ದೇಶದ ಎಟಿಎಂ ಜಾಲದ ಹೆಸರು. ಕೆಲವು ಸಣ್ಣ ಅಂಗಡಿಗಳು ಆ ಜಾಲದ ಕಾರ್ಡ್ ಮಾತ್ರ ತಗೊಳ್ಳುತ್ತವೆ, ವೀಸಾ, ಮಾಸ್ಟರ್‌ಕಾರ್ಡ್ ನಡೆಯುವುದಿಲ್ಲ. ಸ್ವಲ್ಪ ನಗದು ಕಿಸೆಯಲ್ಲಿರಲಿ. ಹಣ ತೆಗೆಯುವಾಗ ಮುಲ್ತಿಬಾಂಕು ಗುರುತಿನ ಯಂತ್ರ ಹುಡುಕಿ. ಪ್ರವಾಸಿ ಬೀದಿಗಳಲ್ಲಿರುವ ಖಾಸಗಿ ಯಂತ್ರಗಳಲ್ಲಿ ಶುಲ್ಕ ಹೆಚ್ಚು. "ರೂಪಾಯಿ ಲೆಕ್ಕದಲ್ಲಿ ಕಡಿತ ಮಾಡಲಾ" ಎಂದು ಪರದೆ ಕೇಳಿದರೆ ಬೇಡ ಅಂತಲೇ ಒತ್ತಿ, ಯೂರೋದಲ್ಲೇ ಇರಲಿ.

ಔಷಧಿ ಅಂಗಡಿ, ಚೀಸ್ ಕೌಂಟರ್, ಅಂಚೆ ಕಚೇರಿಯಲ್ಲಿ ಸಾಲು ಕಾಣದಿದ್ದರೂ ಸಾಲಿರುತ್ತದೆ. ಗೋಡೆಯ ಪಕ್ಕದ ಯಂತ್ರದಿಂದ "ಸೇಞ" (ಚೀಟಿ) ತೆಗೆದುಕೊಳ್ಳಿ. ವಯಸ್ಸಾದವರು, ಗರ್ಭಿಣಿಯರು, ಅಂಗವಿಕಲರು, ಕೈಗೂಸಿನವರಿಗೆ ಮೊದಲು ಕೊಡಬೇಕೆಂದು 2016ರ ಕಾನೂನೇ ಇದೆ.

ಪದ ನೆನಪಿಡಲು ಒಂದು ಅಡ್ಡದಾರಿ: ಮೇಜು, ಚಾವಿ, ಪಗಾರ, ಇಗರ್ಜಿ, ಬಟಾಟೆ, ಅನಾನಸು, ಇವೆಲ್ಲ ಪೋರ್ಚುಗೀಸಿನಿಂದ ನಮ್ಮ ಕರಾವಳಿಗೆ ಇಳಿದವು. ಮೇಜು ಬೇಕಾದರೆ "ಉಮ ಮೇಜ಼ ಪರ ತ್ರೇಶ್" (ಮೂವರಿಗೆ), ಬೀಗದಕೈ "ಶಾವ್", ದುಡ್ಡು ಕೊಡುವುದು "ಪಗಾರ್".

ಒಲೆ_ಮತ್ತು_ಒರಳು

ಕೆಲವರು "ವೊಸೆ" (ನೀವು) ಕಲಿತು ಬರುತ್ತಾರೆ, ಬ್ರೆಜಿಲ್‌ನಲ್ಲಿ ಅದು ದಿನಬಳಕೆಯ ಪದ. ಪೋರ್ಚುಗಲ್‌ನಲ್ಲಿ ಮುಖಕ್ಕೆ ವೊಸೆ ಅಂದರೆ ಕೆಲವರಿಗೆ ಚುಚ್ಚುತ್ತದೆ. ಹೊಸಬರು ಸರ್ವನಾಮವನ್ನೇ ಬಿಟ್ಟುಬಿಡುವುದು ಕ್ಷೇಮ. "ಫಾಲ ಇಂಗ್ಲೇಶ್?" ವಾಕ್ಯದಲ್ಲಿ "ನೀವು" ಎಲ್ಲೂ ಇಲ್ಲ ನೋಡಿ, ಆದರೂ ಮರ್ಯಾದೆಯದೇ. ಹಿರಿಯರಿಗೆ "ಉ ಸಿಞೋರ್", "ಅ ಸಿಞೋರ". "ತು" ಅಂದರೆ ನೀನು, ಗೆಳೆಯರಿಗೆ, ಮಕ್ಕಳಿಗೆ.

ಮಲೆನಾಡ_ಬೀಜ

ವೊಸೆ ಬಗ್ಗೆ ಅಷ್ಟು ಹೆದರಿಸಬೇಡಿ ಮೇಡಂ. ವಿದೇಶಿಯರು ಅಂದರೆ ಅಲ್ಲಿಯವರು ಕ್ಷಮಿಸುತ್ತಾರೆ. ಅದಕ್ಕಿಂತ ಹೆಚ್ಚು ಹುಬ್ಬುಗಂಟಿಕ್ಕುವುದು ಸ್ಪ್ಯಾನಿಷ್‌ಗೆ. "ಗ್ರಾಸಿಯಾಸ್" ಅಂದರೆ ಅರ್ಥವಾಗುತ್ತದೆ, ಆದರೆ ನಮ್ಮನ್ನು ಪಕ್ಕದವರು ಅಂದುಕೊಂಡರಲ್ಲ ಅಂತ ಅಸಮಾಧಾನ. ಗೊತ್ತಿಲ್ಲದಿದ್ದರೆ ಇಂಗ್ಲಿಷೇ ವಾಸಿ.

ಒಲೆ_ಮತ್ತು_ಒರಳು

ವಿದೇಶಿಯರಿಗೆ ವಿನಾಯಿತಿ ಇದೆ, ಒಪ್ಪಿದೆ. ಆದರೂ ಪದ ಬಿಟ್ಟರೆ ವಾಕ್ಯ ಚಿಕ್ಕದಾಗುತ್ತದೆ, ಕಲಿಯುವವರಿಗೂ ಸುಲಭ. ಸ್ಪ್ಯಾನಿಷ್ ಮಾತು ನಿಜ.

ಜನರ ಮಧ್ಯೆ ದಾರಿ ಕೇಳಲು "ಕೊಂ ಲಿಸೆಂಸ", ಕಾಲು ತುಳಿದರೆ ಅಥವಾ ಅಪರಿಚಿತರನ್ನು ಮಾತಾಡಿಸಲು "ದಿಶ್‌ಕುಲ್ಪ್". ಪರಿಚಯವಾದಾಗ ಹೆಂಗಸರ ನಡುವೆ, ಹೆಂಗಸು ಗಂಡಸಿನ ನಡುವೆ ಎರಡೂ ಕೆನ್ನೆಗೆ ಕೆನ್ನೆ ತಾಗಿಸುವ ರೂಢಿ ಇದೆ. ಅಮ್ಮನಿಗೆ ಮುಜುಗರವಾದರೆ ಮೊದಲೇ ಕೈ ಚಾಚಿದರೆ ಮುಗಿಯಿತು, ಯಾರೂ ತಪ್ಪು ತಿಳಿಯುವುದಿಲ್ಲ. ಫಾದು (ಪೋರ್ಚುಗಲ್‌ನ ವಿಷಾದದ ಹಾಡು) ಹಾಡುವ ಊಟದ ಮನೆಗೆ ಹೋದರೆ ದೀಪ ಮಂದವಾಗುತ್ತಿದ್ದಂತೆ ಮಾತು, ಚಮಚದ ಸದ್ದು ಎಲ್ಲ ನಿಲ್ಲಬೇಕು. ಹಾಡಿನ ಮಧ್ಯೆ ಪಿಸುಗುಟ್ಟಿದರೂ ಪಕ್ಕದ ಮೇಜಿನವರು "ಶ್" ಅನ್ನುತ್ತಾರೆ.

ಫೇಡಾ_ಪ್ರಿಯ

ಓಡಾಟದ ಮಾತು ನಂದು. ರೈಲು "ಕೊಂಬೋಯು", ಬಸ್ಸು "ಔತುಕಾರ್ರು", ಟ್ರಾಂ "ಇಲೆತ್ರಿಕು". ಆ್ಯಪ್ ಕಲಿಸೋ "ತ್ರೆಂ", "ಓನಿಬುಸ್" ಬ್ರೆಜಿಲ್‌ದ್ದು. ಸಿಂತ್ರಾಕ್ಕ ಲಿಸ್ಬನ್‌ದ ರೋಸಿಯು ಸ್ಟೇಷನ್‌ದಿಂದ ಹೋಗ್ರಿ: "ಕಿರೀಅ ತ್ರೇಶ್ ಬಿಲ್ಯೇತ್ಶ್ ಪರ ಸಿಂತ್ರ, ಈದ ಇ ವೋಲ್ತ." ಹೋಗಿ ಬರೋ ಮೂರು ಟಿಕೀಟು. ಸರ್ಕಾರಿ ರೈಲು ಸಂಸ್ಥೆ ಸಿಪಿದಾಗ 65 ಮುಗಿದವರಿಗೆ ಅರ್ಧ ದರ ಅದ, ನಿಮ್ಮ ಅಪ್ಪ ಅಮ್ಮನ ಪಾಸ್‌ಪೋರ್ಟ್ ಕೈಯಾಗಿರ್ಲಿ. ಪೋರ್ಟೊಕ್ಕ ಹೋಗೋ ದೂರದ ರೈಲು ಕಂಪಾಞಾಂ ಸ್ಟೇಷನ್‌ಗೆ ಬಿಡ್ತದ, ಊರ ನಡುವಿನ ಸಾಂವ್ ಬೆಂತುಗೆ ಅಲ್ಲಿಂದ ಸ್ಥಳೀಯ ರೈಲು ಹಿಡೀಬೇಕು.

ಮೆಟ್ರೊ, ಬಸ್ಸಿಗೆ ಲಿಸ್ಬನ್‌ದಾಗ ನವೆಗಾಂತ್, ಪೋರ್ಟೊದಾಗ ಆಂದಾಂತ್ ಕಾರ್ಡು. ಒಬ್ಬೊಬ್ಬರಿಗೂ ಒಂದೊಂದು ಬೇಕು, ಮೂರು ಮಂದಿ ಒಂದ ಕಾರ್ಡ್ ತಿಕ್ಕೂದು ನಡ್ಯಂಗಿಲ್ಲ. ಪೋರ್ಟೊ ಮೆಟ್ರೊದಾಗ ಗೇಟ್ ಇಲ್ಲದ ಸ್ಟೇಷನ್ ಬಹಳ. ಪ್ಲಾಟ್‌ಫಾರ್ಮಿನ ಹಳದಿ ಯಂತ್ರಕ್ಕ ಕಾರ್ಡ್ ತೋರಿಸೇ ಹತ್ತಬೇಕು, ರೈಲು ಬದಲಿಸಿದಾಗೂ ಮತ್ತ ತೋರಿಸಬೇಕು. ಟಿಕೀಟ್ ಕೊಂಡಿದ್ರೂ ತೋರಿಸದಿದ್ರ ದಂಡ. ಲಿಸ್ಬನ್‌ದ 28ನೇ ನಂಬರ್ ಟ್ರಾಂದಾಗ ಕಿಸೆಗಳ್ಳರ ಕಾಟ ಅದ, ಬ್ಯಾಗು ಎದಿ ಮುಂದ ಇರ್ಲಿ.

ವಾರದ ಹೆಸರು ಅಂಕಿ ಲೆಕ್ಕ. ಭಾನುವಾರ "ದುಮಿಂಗು", ಅಲ್ಲಿಂದ ಎಣಿಸಿದ್ರ ಸೋಮವಾರ ಎರಡನೇದ್ದು, "ಸಿಗುಂದ". ಬೋರ್ಡಿನ ಮ್ಯಾಲ 2ª ಅಂತಿದ್ರ ಸೋಮವಾರ, 6ª ಅಂದ್ರ ಶುಕ್ರವಾರ. ಜೆರೋನಿಮುಶ್ ಮಠ ಸೇರಿ ಬಹಳ ಕಡೆ ಸೋಮವಾರ ಬಂದ್.

ತುಂಗಾತೀರ

ಆರೋಗ್ಯ ಕೆಟ್ಟರೆ? ಅಪ್ಪನಿಗೆ ಬಿಪಿ ಇದೆ.

ಕಾಳಿ_ಸಂಗಮ

ತುರ್ತಿಗೆ 112, ಇಂಗ್ಲಿಷ್‌ನಲ್ಲೂ ಮಾತಾಡಬಹುದು. ಔಷಧಿ ಅಂಗಡಿಗೆ ಹಸಿರು ಶಿಲುಬೆ ದೀಪ. ರಾತ್ರಿ ಮುಚ್ಚಿದ್ದರೆ ಅವತ್ತು ಯಾವ ಅಂಗಡಿಯ ಪಾಳಿ ಅಂತ ಬಾಗಿಲಿಗೆ ಚೀಟಿ ಅಂಟಿಸಿರುತ್ತಾರೆ. "ಪ್ರಿಸೀಜ಼ು ದ್ ಉಂ ಮೆದಿಕು" ಅಂದರೆ ವೈದ್ಯರು ಬೇಕು. ನೋವಿನ ಜಾಗ ಮುಟ್ಟಿ "ದೋಯ್ ಮ್ ಅಕೀ" ಅಂದರೆ ಇಲ್ಲಿ ನೋಯುತ್ತಿದೆ. ಅಪ್ಪನ ಮಾತ್ರೆಗಳ ಬ್ರ್ಯಾಂಡ್ ಹೆಸರು ಅಲ್ಲಿ ಕೆಲಸಕ್ಕೆ ಬಾರದು, ವೈದ್ಯರ ಚೀಟಿಯಲ್ಲಿ ಔಷಧದ ಮೂಲ ಹೆಸರು ಬರೆಸಿಕೊಳ್ಳಿ. ಅವರು ಬೇಗ ಬೇಗ ಹೇಳಿದರೆ "ಮಾಯ್ಶ್ ದಿವಗಾರ್, ಸ್ ಫಾಶ್ ಫವೋರ್" (ಸ್ವಲ್ಪ ನಿಧಾನ). ಅರ್ಥವಾಗದಿದ್ದರೆ "ನಾಂವ್ ಪರ್ಸೇಬು".

ಮಲೆನಾಡ_ಬೀಜ

ಶೌಚಾಲಯ ಎಲ್ಲಿ ಅನ್ನಲು "ಒಂದ್ ಫೀಕ ಅ ಕಾಜ಼ ದ್ ಬಾಞು?" ಬಾಞು ಅಂದರೆ ಸ್ನಾನ, ಬಾಞ ಅಂದರೆ ಮೇಲೆ ಹೇಳಿದ ಹಂದಿ ಕೊಬ್ಬು. ಕೊನೆಯ ಸ್ವರ ಜೋಪಾನ. ತೆಂಗಿಗೆ "ಕೋಕು", ಒತ್ತು ಮೊದಲ ಅಕ್ಷರಕ್ಕೆ. ಕೊನೆಗೆ ಒತ್ತು ಕೊಟ್ಟು "ಕೊಕೊ" ಅಂದರೆ ಮಕ್ಕಳ ಬಾಯಲ್ಲಿ ಕಕ್ಕ. ತೆಂಗಿಲ್ಲದೆ ಊಟ ಇಳಿಯದ ನಾವು ಇದನ್ನು ತಿಳಿದಿರಲೇಬೇಕು.

ತುಂಗಾತೀರ

ಅಮ್ಮ ಓದಿ ನಗುತ್ತಿದ್ದಾರೆ. ಕೊನೆಯದೊಂದು: ನಾವು ಬುಕ್ ಮಾಡಿದ ಮನೆಯ ವಿಳಾಸದಲ್ಲಿ ಬೀದಿ, ನಂಬರ್ ಆದಮೇಲೆ 2º ಅಂತ, ಅದರ ಮುಂದೆ ಇ, ಎಸ್, ಕ್ಯೂ ಅಂತ ಅಕ್ಷರಗಳಿವೆ. ಏನದು?

ಫೇಡಾ_ಪ್ರಿಯ

ಎರಡನೇ ಮಹಡಿ, ಎಡಗಡೆ ಮನಿ. "ಇಶ್ಕೇರ್ದು" ಅಂದ್ರ ಎಡ, "ದಿರೆಯ್ತು" ಅಂದ್ರ ಬಲ, ಅದಕ್ಕ ಡಿ, ಟಿ, ಓ ಅಂತ ಬರೀತಾರ. ಆರ್ ಬಾರ್ ಸಿ ಇದ್ರ ನೆಲಮಾಳಿಗಿ ಅಲ್ಲ, ನೆಲಮಟ್ಟದ ಮನಿ. ಹಳೇ ಕಟ್ಟಡದಾಗ ಲಿಫ್ಟ್ ಇರೂದು ಅಪರೂಪ, ಮೆಟ್ಟಲಾ ಕಡಿದು. ಅಪ್ಪ ಅಮ್ಮ ಏರಬೇಕಲ್ರೀ, ಮಾಲೀಕರಿಗೆ ಈಗ್ಲೇ ಮೆಸೇಜ್ ಹಾಕ್ರಿ: "ತೆಂಯ್ ಇಲಿವದೋರ್?" (ಲಿಫ್ಟ್ ಅದನ?)

ಮತ್ತ ಆ ಕಟ್ಟಡದ ಬಾಗಿಲಿಗೆ ಪಿ, ಯು, ಎಕ್ಸ್, ಇ ಅಂತ ಬರೆದಿದ್ರ ಓದೂದು "ಪುಶ್", ಆದ್ರ ಅರ್ಥ ಎಳೀರಿ ಅಂತ. ದೂಡೂದಕ್ಕ "ಇಂಪೂರ್ರ್".